ಚಕ್ಕುಬಂದಿಯ ಹುಣಸೆ ಮರ

ವಕೀಲರು ಮಾಡುವ ತಪ್ಪಿಗೆ ಕೋರ್ಟಿನಲ್ಲಿ ಒಂದು ಹೆಸರಿದೆ, ಬೆರಳಚ್ಚು ದೋಷ. ಸಂಡೂರಿನ ಕೋರ್ಟಿನ ಕಾಂಪೌಂಡಿಗೆ ಒತ್ತಿಕೊಂಡಿರುವ ತಗಡಿನ ಶೆಡ್ಡಿನಲ್ಲಿ ಕೂತು ಇಪ್ಪತ್ತೆಂಟು ವರ್ಷದಿಂದ ಆ ಮಾತನ್ನು ನಾನೇ ಟೈಪು ಮಾಡುತ್ತ ಬಂದಿದ್ದೇನೆ. ವಾದಿಯ ತಂದೆಯ ಹೆಸರು ತಪ್ಪಿದರೆ ಬೆರಳಚ್ಚು ದೋಷ. ಸರ್ವೆ ನಂಬರು ತಪ್ಪಿದರೆ ಬೆರಳಚ್ಚು ದೋಷ. ಒಬ್ಬ ಮಹಾನುಭಾವ ಬದುಕಿದ್ದವನನ್ನೇ ಸತ್ತನೆಂದು ಬರೆದು ತಂದಿದ್ದ, ಕೊನೆಗೆ ಅದೂ ನನ್ನ ಬೆರಳಿನ ದೋಷವೇ ಆಯಿತು. ನಾನೇನು ಬೇಜಾರು ಮಾಡಿಕೊಂಡವಳಲ್ಲ. ಹೇಗಿದ್ದರೂ ಜಡ್ಜ್ ಸಾಹೇಬರು ನನ್ನನ್ನು ಕರೆಸಿ ಕೇಳುವುದಿಲ್ಲವಲ್ಲ.

ನನ್ನ ಹೆಸರು ಹುಲಿಗೆಮ್ಮ. ಮೊದಲು ಕಟಕಟ ಎನ್ನುವ ಮಷಿನ್ನು ಇತ್ತು, ಈಗ ಕಂಪ್ಯೂಟರು. ದಾವೆ ಹಾಕುವವರೂ ನನ್ನ ಹತ್ತಿರ ಬರುತ್ತಾರೆ, ಅದೇ ದಾವೆಗೆ ತಕರಾರು ಹಾಕುವವರೂ ನನ್ನ ಹತ್ತಿರವೇ ಬರುತ್ತಾರೆ. ಬೆಳಿಗ್ಗೆ ಅಣ್ಣನ ಕಾಗದ, ಮಧ್ಯಾಹ್ನ ತಮ್ಮನ ಕಾಗದ. ಅದಕ್ಕೇ ನನ್ನದೊಂದು ನೇಮ: ಒಬ್ಬರ ಕಾಗದದ ಮಾತು ಇನ್ನೊಬ್ಬರ ಕಿವಿಗೆ ಹಾಕುವುದಿಲ್ಲ. ಟೈಪು ಕಲಿಸಿದ ಮಾಸ್ತರರು ಮೊದಲ ದಿನವೇ ಹೇಳಿದ್ದರು, "ಬಾಯಿ ಬಿಟ್ಟಿ ಅಂದ್ರ ನಿನ್ನ ಬೆರಳು ನೀನೇ ಕತ್ತರಿಸಿಕೊಂಡಂಗ ನೋಡವ್ವ" ಎಂದು. ಸಿಟ್ಟು ಬಂದಾಗ ವಕೀಲರನ್ನು ಮುಖದ ಮೇಲೆ ಬೈದಿದ್ದೇನೆ, ಆದರೆ ಗುಟ್ಟು ಬಿಟ್ಟಿಲ್ಲ.

ವಿರುಪಮ್ಮನ ಕೇಸೂ ಹೀಗೆಯೇ ಎರಡೂ ಕಡೆಯಿಂದ ನನ್ನ ಮೇಜಿಗೆ ಬಂತು.

ವಿರುಪಮ್ಮನಿಗೆ ಈಗ ಎಪ್ಪತ್ತೆಂಟು. ಯಶವಂತನಗರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಲ್ಲಿಂದ ಗುಡ್ಡದ ಮೇಲಕ್ಕೆ ಐದು ಮೈಲಿ ಹೋದರೆ ಒಂದು ಕಾಲಕ್ಕೆ ಏಳನೇ ನಂಬರ್ ಕ್ಯಾಂಪ್ ಇತ್ತು. ಗಣಿಯಲ್ಲಿ ಪಿಕಾಸಿ ಹಿಡಿದು ಅದಿರು ಅಗೆಯುವವರ ಕ್ಯಾಂಪು. ವಿರುಪಮ್ಮನ ಗಂಡ ಮಾರೆಪ್ಪ ಅಲ್ಲೇ ದುಡಿದ, ಅಲ್ಲೇ ಸತ್ತ. ಕ್ಯಾಂಪಿನ ಪಕ್ಕದ ಸುಡುಗಾಡಿನಲ್ಲಿ ಅವನನ್ನು ಮಣ್ಣು ಮಾಡಿದರು. ಅವನ ಪಕ್ಕದಲ್ಲಿ ಎರಡು ವರ್ಷದ ಅವಳ ಮಗುವೂ ಇದೆ. ಅವರಿಬ್ಬರ ನಡುವೆ ತನಗೆ ಒಬ್ಬಳು ಮಲಗುವಷ್ಟು ಜಾಗ ಬಿಡಿಸಿಕೊಂಡಿದ್ದಾಳೆ. "ನನ್ನ ಅಲ್ಲೇ ಮಣ್ಣು ಮಾಡ್ಬೇಕು, ಬ್ಯಾರೆ ಕಡಿ ಒಯ್ದೀರಿ ಅಂದ್ರ ಎದ್ದು ಬರ್ತೀನಿ ನೋಡ್ರಿ" ಎಂದು ಮಗಳಿಗೆ, ಅಳಿಯನಿಗೆ, ಕಡೆಗೆ ಕಂಪನಿ ಬಸ್ಸಿನ ಡ್ರೈವರಿಗೂ ಹೇಳಿಟ್ಟಿದ್ದಳು.

ಆ ಜಾಗವೆಲ್ಲ ಈಗ ಕಂಪನಿಯ ಲೀಸಿನಲ್ಲಿದೆ. ಕಂಪನಿಯ ಹೆಸರು ಮೂರು ಸಲ ಬದಲಾಗಿದೆ, ನಮಗೆ ಮಾತ್ರ ಅದು ಕಂಪನಿ, ಅಷ್ಟೇ. ಎರಡು ವರ್ಷದ ಹಿಂದೆ ಆ ಸುಡುಗಾಡಿನ ಮೇಲೆ ಅದಿರು ರಾಶಿ ಹಾಕುವ ಯಾರ್ಡ್ ಮಾಡುತ್ತಾರೆಂದು ಸುದ್ದಿ ಬಂತು. ವಿರುಪಮ್ಮ ಸೆರಗು ಬಿಗಿದುಕೊಂಡು ಸಂಡೂರಿಗೆ ಬಂದು ದೊಡ್ಡಬಸಪ್ಪ ವಕೀಲರನ್ನು ಹಿಡಿದಳು. ಸುಡುಗಾಡು ತಮ್ಮದು, ಅದಕ್ಕೆ ಹೋಗುವ ದಾರಿಯೂ ತಮ್ಮದು ಎಂದು ದಾವೆ ಬಿತ್ತು. ಕೇಸು ಮುಗಿಯುವ ತನಕ ಅಲ್ಲಿ ಮಣ್ಣು ಮುಟ್ಟಬಾರದೆಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ಆ ಒಂದು ಹಾಳೆ ಇರುವ ತನಕ ಜೆಸಿಬಿ ಬೇಲಿಯ ಆಚೆ ನಿಂತಿರಬೇಕು.

ಆ ದಾವೆಯನ್ನು ಟೈಪು ಮಾಡಿದವಳು ನಾನು. ಆ ದಿನ ದೊಡ್ಡಬಸಪ್ಪನವರು ಕೈಬರಹದ ಕರಡು ತಂದು ಕೊಟ್ಟಾಗ ಚಕ್ಕುಬಂದಿಯ ಜಾಗ ಖಾಲಿ ಇತ್ತು. ಚಕ್ಕುಬಂದಿ ಎಂದರೆ ಗೊತ್ತಲ್ಲ, ಸ್ವತ್ತಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವುದು. "ಇದನ್ಯಾಕ್ರಿ ಬಿಟ್ಟೀರಿ?" ಎಂದೆ. ಅವರು ಅಡಿಕೆ ಅಗಿಯುತ್ತ, "ನಿಮ್ಮದೇ ಕ್ಯಾಂಪ್ ಅಲ್ಲೇನವ್ವ, ನೀನೇ ಹಾಕಿಬಿಡು" ಎಂದರು. ನಮ್ಮಲ್ಲಿ ಇದೇನು ಹೊಸದಲ್ಲ. ಊರು ಬಲ್ಲ ಟೈಪಿಸ್ಟ್ ಇದ್ದರೆ ವಕೀಲರು ಅರ್ಧ ಕೆಲಸ ಅವಳಿಗೇ ಬಿಡುತ್ತಾರೆ.

ಹೌದು, ಅದು ನನ್ನದೇ ಕ್ಯಾಂಪು. ನಾನು ಹುಟ್ಟಿದ್ದು ಅಲ್ಲಿ. ನಮ್ಮಪ್ಪ ಪರಸಪ್ಪನೂ ಮಾರೆಪ್ಪನೂ ಒಂದೇ ಜೋಡಿಯಲ್ಲಿ ಕೆಲಸ ಮಾಡಿದವರು. ಅಪ್ಪನೂ ಅದೇ ಸುಡುಗಾಡಿನಲ್ಲಿದ್ದಾನೆ. ಹಾಗಾಗಿ ಯೋಚನೆ ಮಾಡುವುದೇನಿತ್ತು? ಕಣ್ಣು ಮುಚ್ಚಿದರೆ ಎಲ್ಲ ಕಾಣುತ್ತಿತ್ತು. ಬೆರಳು ತಾನೇ ತಾನಾಗಿ ಓಡಿತು. ಪೂರ್ವಕ್ಕೆ: ದೊಡ್ಡ ಹುಣಸೆ ಮರ. ಪಶ್ಚಿಮಕ್ಕೆ: ಕ್ಯಾಂಪಿನ ಶಾಲೆ. ಉತ್ತರಕ್ಕೆ: ಜೋಡಿ ಬಾವಿ. ದಕ್ಷಿಣಕ್ಕೆ: ಲೈನ್ ಮನೆಗಳು. ವಿರುಪಮ್ಮನಿಗೆ ಓದಿ ಹೇಳಿದೆ. "ಹೌದು, ಹಂಗೇ ಐತಿ" ಎಂದು ಹೆಬ್ಬೆಟ್ಟು ಒತ್ತಿದಳು. ದೊಡ್ಡಬಸಪ್ಪನವರು ಕನ್ನಡಕ ಹಾಕಿಕೊಳ್ಳದೆ ಸಹಿ ಮಾಡಿದರು.

ಎರಡು ವರ್ಷ ಆ ಕಾಗದ ಕಟ್ಟಿನೊಳಗೆ ತಣ್ಣಗೆ ಮಲಗಿತ್ತು. ವಿಚಾರಣೆಯ ವಾಯಿದೆ ಬಂತು, ಹೋಯಿತು. ಕಂಪನಿ ಹೆಸರು ಬದಲಾದ್ದಕ್ಕೆ ಒಂದು ಅರ್ಜಿ, ವಕೀಲರು ಬದಲಾದ್ದಕ್ಕೆ ಇನ್ನೊಂದು. ಆಮೇಲೆ ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಹೊಸಪೇಟೆಯಿಂದ ಪೂಜಿತಾ ಬಂದಳು. ಕಂಪನಿಯ ವಕೀಲ ಬಸವಕುಮಾರ್ ಅವರ ಜೂನಿಯರ್ ಅವಳು. ಜಾಣ ಹುಡುಗಿ, ಅಕ್ಷರ ಮುತ್ತಿನ ಹಾಗೆ. "ಹುಲಿಗೆಕ್ಕ, ಜಲ್ದಿ ಆಗ್ಬೇಕ್ರಿ, ಸರ್ ಕಾಯಾಕತ್ಯಾರ" ಎಂದು ನಾಲ್ಕು ಹಾಳೆ ಮುಂದಿಟ್ಟಳು.

ವಿರುಪಮ್ಮನ ಕೇಸು. ಪ್ರತಿವಾದಿ ಕಂಪನಿಯ ಪರವಾಗಿ ಆರ್ಡರ್ ಏಳು, ರೂಲ್ ಹನ್ನೊಂದರ ಅರ್ಜಿ. ಅಂದರೆ ಸಾಕ್ಷಿ ಗೀಕ್ಷಿ ಏನೂ ಬೇಡ, ದಾವೆಯನ್ನು ಬಾಗಿಲಲ್ಲೇ ತಿರಸ್ಕರಿಸಿ ಎಂದು ಕೇಳುವುದು. ಯಾಕೆ ತಿರಸ್ಕರಿಸಬೇಕು ಎಂದು ಓದುತ್ತ ಹೋದೆ. "ವಾದಿಯು ಹೇಳಿರುವ ಚಕ್ಕುಬಂದಿಯ ಒಂದು ಗುರುತೂ ಸ್ಥಳದಲ್ಲಿ ಇರುವುದಿಲ್ಲ. ಹುಣಸೆ ಮರವಾಗಲಿ, ಶಾಲೆಯಾಗಲಿ, ಬಾವಿಯಾಗಲಿ, ಮನೆಗಳಾಗಲಿ ಇರುವುದಿಲ್ಲ. ದಾವಾ ಸ್ವತ್ತು ಕೇವಲ ಕಾಲ್ಪನಿಕವಾಗಿರುತ್ತದೆ."

ಕಾಲ್ಪನಿಕವಂತೆ! ಮೈಯೆಲ್ಲ ಉರಿದು ಹೋಯಿತು. ಆ ಕಾಲ್ಪನಿಕ ಮರದ ಕೊಂಬೆಗೆ ಕಟ್ಟಿದ ಜೋಲಿಯಲ್ಲಿ ನಾನು ಎರಡು ವರ್ಷ ಮಲಗಿದ್ದೇನೆ. ಕ್ಯಾಂಪಿನ ಹೆಂಗಸರು ಸುತ್ತಿಗೆ ಹಿಡಿದು ಅದಿರು ಒಡೆಯಲು ಹೋಗುವಾಗ ಹಳೆಯ ಸೀರೆಯ ಜೋಲಿ ಕಟ್ಟಿ ಮಕ್ಕಳನ್ನು ಆ ಮರಕ್ಕೆ ಒಪ್ಪಿಸಿ ಹೋಗುತ್ತಿದ್ದರು. ಒಂದೊಂದು ದಿನ ಹದಿನೈದು ಜೋಲಿ. ಕಾಲು ಮುರಿದುಕೊಂಡ ಒಬ್ಬ ಮುದುಕ ಎಲ್ಲ ಜೋಲಿಗೂ ಹಗ್ಗ ಕಟ್ಟಿಕೊಂಡು ಕೂತಲ್ಲೇ ತೂಗುತ್ತಿದ್ದ. ಬೆಳಿಗ್ಗೆ ಆ ಮರದ ಕೆಳಗೇ ಹಾಜರಿ, ಶನಿವಾರ ಅಲ್ಲೇ ಬಟವಾಡೆ, ಮದುವೆಯಾದರೆ ಅಲ್ಲೇ ಊಟ. ನಮ್ಮ ಬಟ್ಟೆ ಯಾವತ್ತೂ ಬೆಳ್ಳಗಿರಲಿಲ್ಲ, ನಮ್ಮ ಹಲ್ಲೂ ಕೆಂಪಗಿರುತ್ತಿದ್ದವು, ಅದಿರಿನ ಧೂಳಿನಲ್ಲಿ ನಾಯಿ ಯಾವುದು ಕರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಆದರೂ ಹೇಳುತ್ತೇನೆ, ಹುಣಸೆ ಹೂ ಬಿಡುವ ಕಾಲಕ್ಕೆ ಆ ಕ್ಯಾಂಪಿನಂಥ ಚಂದದ ಜಾಗ ಸಂಡೂರಿನ ಗುಡ್ಡದಲ್ಲಿ ಇನ್ನೊಂದು ಇರಲಿಲ್ಲ.

"ಏನಕ್ಕ, ಕರೆಂಟ್ ಹೋತೇನು?" ಎಂದು ಪೂಜಿತಾ ಕೇಳಿದಳು.

"ನೀವು ಆ ಜಾಗ ನೋಡೀರೇನು ಮೇಡಂ?"

"ಇಲ್ಲಕ್ಕ. ಫೋಟೋ ಕಳಿಸ್ಯಾರ" ಎಂದು ಫೋನು ತೋರಿಸಿದಳು. ಅದಿರು ಸಾಗಿಸುವ ಉದ್ದನೆಯ ಬೆಲ್ಟು, ತಂತಿ ಬೇಲಿ, ಒಂದು ನೀರಿನ ಟ್ಯಾಂಕು, ಲಾರಿ ಓಡಾಡುವ ಕೆಂಪು ರಸ್ತೆ. ದೊಡ್ಡದು ಮಾಡಿ ನೋಡಿದೆ, ಸಣ್ಣದು ಮಾಡಿ ನೋಡಿದೆ. ನನ್ನ ಕ್ಯಾಂಪು ಎಲ್ಲೂ ಸಿಗಲಿಲ್ಲ. ನನ್ನ ತಪ್ಪು ಆಗ ಹೊಳೆಯಿತು. ಅಪ್ಪ ಸತ್ತ ಮೇಲೆ ಅವ್ವನ ಜೊತೆ ಸಂಡೂರಿಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಮೂವತ್ತು ವರ್ಷ ದಾಟಿತ್ತು. ಮೂವತ್ತು ವರ್ಷದ ಹಿಂದಿನ ಊರನ್ನು ನಾನು ಇವತ್ತಿನ ದಾವೆಯಲ್ಲಿ ಕೂರಿಸಿದ್ದೆ. ಈ ಅರ್ಜಿ ಗೆದ್ದರೆ ದಾವೆ ಬಿತ್ತು, ದಾವೆಯ ಜೊತೆ ತಡೆಯಾಜ್ಞೆಯೂ ಬಿತ್ತು, ಮರುದಿನವೇ ಜೆಸಿಬಿ ಒಳಗೆ. ವಿರುಪಮ್ಮನ ಗಂಡ, ಮಗು, ನಮ್ಮಪ್ಪ, ಎಲ್ಲರ ಮೇಲೂ ಅದಿರಿನ ರಾಶಿ.

ಟೈಪು ಮಾಡಿ ಕೊಟ್ಟೆ. ಒಂದು ಅಕ್ಷರವೂ ತಪ್ಪಲಿಲ್ಲ. ಹೊಟ್ಟೆ ಉರಿಯುವಾಗ ನನ್ನ ಬೆರಳು ತಪ್ಪುವುದಿಲ್ಲ, ಅದೊಂದು ಶನಿ ಗುಣ.

ವಾಯಿದೆಗೆ ಇನ್ನೂ ಹನ್ನೆರಡು ದಿನವಿತ್ತು. ಅಲ್ಲಿಯವರೆಗೆ ದೊಡ್ಡಬಸಪ್ಪನವರಿಗೆ ಹೇಳುವಂತಿಲ್ಲ, ವಿರುಪಮ್ಮನಿಗೂ ಹೇಳುವಂತಿಲ್ಲ. ನನ್ನ ನೇಮ ನನ್ನನ್ನೇ ಕಟ್ಟಿಹಾಕಿತ್ತು. ಅದರ ಮಧ್ಯೆ ಈ ಮುದುಕಿ ಒಂದು ದಿನ ಸೆರಗಿನಲ್ಲಿ ಸೀತಾಫಲ ಕಟ್ಟಿಕೊಂಡು ಶೆಡ್ಡಿಗೇ ಬಂದುಬಿಟ್ಟಳು.

"ತಗಾ, ತಿನ್ನು. ಯಾಕಲೇ ಹುಲಿಗಿ ಮುಖ ಹಂಗ ಮಾಡೀದಿ?"

"ಏನಿಲ್ಲ ಚಿಗವ್ವ." ನಾನು ಅವಳನ್ನು ಚಿಗವ್ವ ಎಂದೇ ಕರೆಯುವುದು, ಕ್ಯಾಂಪಿನಲ್ಲಿ ಗೋಡೆಗೆ ಗೋಡೆ ನಮ್ಮ ಮನೆ. ತಡೆಯಲಾರದೆ ಒಂದು ಮಾತು ಕೇಳಿದೆ. "ನೀ ವರ್ಷಾ ವರ್ಷಾ ಅಮಾಸಿಗೆ ಗೋರಿಗೆ ಎಡಿ ಒಯ್ತಿ ಅಲ್ಲ. ಈಗ ಅಲ್ಲಿ ಹುಣಸಿ ಮರ ಐತೇನು?"

"ಎಲ್ಲೀ ಮರ! ಬೆಲ್ಟ್ ಹಾಕುವಾಗ ಕಡದು ಒಗದ್ರಲ್ಲ. ಇಪ್ಪತ್ತು ವರ್ಷ ಆತು."

"ಸಾಲಿ?"

"ಸಾಲಿ ಬಿತ್ತು. ಬಾವಿ ಮುಚ್ಚಿದ್ರು. ಮನಿ ಅಂತೂ ಒಂದೂ ಇಲ್ಲ."

ನನಗೆ ತಲೆ ಕೆಟ್ಟು ಹೋಯಿತು. "ಮತ್ತ ನಾ ಓದಿ ಹೇಳಿದಾಗ ಹೌದು, ಹಂಗೇ ಐತಿ ಅಂದ್ಯಲ್ಲ ಮಾರಾಯ್ತಿ!"

ವಿರುಪಮ್ಮ ನನ್ನನ್ನೇ ಹುಚ್ಚಿಯ ಹಾಗೆ ನೋಡಿದಳು. "ಹೌದು ಅಂದೆ. ಸುಡುಗಾಡು ಹುಣಸಿ ಮರದ ಹತ್ರ ಅಲ್ದ ಮತ್ತೆಲ್ಲೈತಿ?"

ನಾನೂ ಅದನ್ನೇ ಅಲ್ಲವೇ ಟೈಪು ಮಾಡಿದ್ದು? ಕ್ಯಾಂಪಿನವರು ಇವತ್ತಿಗೂ ಎಲ್ಲಿ ಸಿಕ್ಕರೂ ಹಾಗೇ ಮಾತಾಡುತ್ತೇವೆ. ಜೋಡಿ ಬಾವಿ ಕಡೆ ಹೋಗಿದ್ದೆ, ಶಾಲೆ ಹಿಂದೆ ಆಡು ಸತ್ತಿತ್ತು ಎನ್ನುತ್ತೇವೆ. ಬೆಲ್ಟಿನ ಹತ್ತಿರ ಎಂದು ನಮ್ಮಲ್ಲಿ ಒಬ್ಬರ ಬಾಯಲ್ಲೂ ಬರುವುದಿಲ್ಲ. ಸೀತಾಫಲ ತಿಂದೆ.

ವಾಯಿದೆಯ ದಿನ ಕಂಪನಿಯ ಅರ್ಜಿಯ ಪ್ರತಿ ದೊಡ್ಡಬಸಪ್ಪನವರ ಕೈಗೆ ಬಂತು. ಹತ್ತು ನಿಮಿಷಕ್ಕೆ ಅವರು ಶೆಡ್ಡಿನ ಮುಂದೆ. ಎಪ್ಪತ್ತರ ಮನುಷ್ಯ, ಮುಖ ಕೆಂಡವಾಗಿತ್ತು.

"ಯಾರವ್ವ ಈ ಚಕ್ಕುಬಂದಿ ಹಾಕಿದ್ದು?"

"ನಾನ್ರಿ. ನೀವ ಹಾಕು ಅಂದ್ರಿ."

"ನಾನಾ?" ಎಂದು ಕಣ್ಣು ಬಿಟ್ಟರು. ಆಮೇಲೆ ನೆನಪಾಯಿತೆಂದು ಕಾಣುತ್ತದೆ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, "ಹೋಗ್ಲಿ, ಹಾಳೆ ಹಾಕು. ಆರ್ಡರ್ ಆರು, ರೂಲ್ ಹದಿನೇಳು. ದಾವಾ ತಿದ್ದುಪಡಿ ಅರ್ಜಿ. ಅಫಿಡವಿಟ್‌ನಾಗ ಬರಿ: ಬೆರಳಚ್ಚು ದೋಷದಿಂದ ಚಕ್ಕುಬಂದಿಯು ತಪ್ಪಾಗಿ ನಮೂದಾಗಿರುತ್ತದೆ" ಎಂದರು.

ನನ್ನ ಕೈ ಕೀಬೋರ್ಡಿನ ಮೇಲೆ ಓಡಲಿಲ್ಲ. ನೋಡಿ, ಎಂಥ ವಿಚಿತ್ರ. ಊರಿನವರೆಲ್ಲ ಮಾಡಿದ ತಪ್ಪಿಗೆ ಆ ಮಾತನ್ನು ಸಾವಿರ ಸಲ ಕಣ್ಣು ಮಿಟುಕಿಸದೆ ಟೈಪು ಮಾಡಿದವಳು ನಾನು. ಈಗ ನಿಜವಾಗಿಯೂ ನನ್ನ ತಪ್ಪು, ಈಗ ಮಾತ್ರ ಬೆರಳು ಮುಷ್ಕರ ಹೂಡಿತು.

"ಅದು ಬೆರಳಚ್ಚು ದೋಷ ಅಲ್ರಿ ಸರ್."

"ಮತ್ತೇನದು? ತಲಿ ದೋಷ ಅಂತ ಬರೀಲೇನು?"

"ತಲಿ ಸರೀನ ಐತ್ರಿ. ಮರ ಇತ್ತು, ಅದನ್ನ ಕಡದ್ರು. ಇಲ್ಲದ ಮರಾನ ಬೆರಳು ಹುಟ್ಟಿಸಿತು ಅಂತ ನಾ ಹೆಂಗ ಬರೀಲ್ರಿ? ಅವ್ರು ಕಾಲ್ಪನಿಕ ಅಂದದ್ದಕ್ಕ ನಾವೂ ಹೂಂ ಅಂದಂಗಾತು. ಒಂದಕ್ಷರ ತಪ್ಪಿದ್ರ ಬೆರಳು ಅನಬೌದು. ನಾಕೂ ದಿಕ್ಕು ತಪ್ಪಿದ್ದಕ್ಕ ಬೆರಳು ಅಂದ್ರ ಆ ಬಸವಕುಮಾರ್ ನಗ್ತಾರ."

ಕೊನೆಯ ಮಾತು ಅವರಿಗೆ ನಾಟಿತು. ಗಡ್ಡ ಕೆರೆದುಕೊಂಡರು. "ಹಂಗಾದ್ರ ಇದ್ದದ್ದು ಇದ್ದಂಗ ನೀನೇ ಪ್ರಮಾಣ ಮಾಡಿ ಹೇಳ್ಬೇಕಾಗ್ತತಿ. ತಿಳ್ಕೊಂಡು ಮಾಡವ್ವ. ಎರಡೂ ಕಡಿ ಟೈಪ್ ಮಾಡಾಕಿ ಒಂದು ಕಡಿ ನಿಂತ್ಲು ಅಂತ ಸುದ್ದಿ ಆದ್ರ ನಾಳಿಂದ ನಿನ್ನ ಮೇಜಿಗೆ ಯಾರು ಕಾಗದ ತರ್ತಾರ?"

ಅದು ನನಗೆ ಗೊತ್ತಿಲ್ಲವೇ? ಅವರು ಊಟಕ್ಕೆ ಹೋದ ಮೇಲೆ ಶೆಡ್ಡಿನಲ್ಲಿ ಒಬ್ಬಳೇ ಕೂತೆ. ಡಬ್ಬಿಯ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು. ಮಾಸ್ತರರ ಮಾತು ನೆನಪಾಯಿತು. ಆದರೆ ನಾನು ಹೇಳಹೊರಟಿದ್ದು ಯಾರ ಗುಟ್ಟೂ ಅಲ್ಲ, ನನ್ನದೇ ಮಾತು. ಕಡೆಗೆ ಹಾಳೆ ಹಾಕಿದೆ. "ಹುಲಿಗೆಮ್ಮ ತಂದೆ ದಿವಂಗತ ಪರಸಪ್ಪ, ವಯಸ್ಸು ಐವತ್ತಾರು, ಉದ್ಯೋಗ ಬೆರಳಚ್ಚುಗಾರ್ತಿ, ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ." ಸಾವಿರಾರು ಜನರ ಹೆಸರು ಕೂರಿಸಿದ ಜಾಗದಲ್ಲಿ ನನ್ನ ಹೆಸರು ಅದೇ ಮೊದಲು. ನಾನು ಆ ಸ್ಥಳದಲ್ಲಿ ಹುಟ್ಟಿ ಬೆಳೆದವಳೆಂದೂ, ಚಕ್ಕುಬಂದಿಯನ್ನು ನನ್ನ ನೆನಪಿನಿಂದ ಹಾಕಿದೆನೆಂದೂ, ನೆನಪು ಸರಿಯಿದ್ದು ಸ್ಥಳ ಬದಲಾಗಿದೆಯೆಂದೂ ಟೈಪು ಮಾಡಿದೆ. ಅಲ್ಲಿಯವರೆಗೆ ಸರಾಗ ಹೋಯಿತು. ಮುಂದಿನ ಸಾಲಿಗೆ ಕಣ್ಣು ಮಂಜಾಯಿತು. "ನನ್ನ ತಂದೆಯ ಸಮಾಧಿ ಅಲ್ಲಿದ್ದರೂ ಮೂವತ್ತು ವರ್ಷಗಳಿಂದ ನಾನು ಅಲ್ಲಿಗೆ ಹೋಗಿರುವುದಿಲ್ಲ." ಇಂಥದ್ದನ್ನು ಸೀಲು ಹಾಕಿಸಿ ಕೋರ್ಟಿಗೆ ಕೊಡಬೇಕಾಗಿ ಬಂತಲ್ಲ ಎಂದು ನಾಚಿಕೆಯಾಯಿತು.

ತಿದ್ದುಪಡಿ ಅರ್ಜಿಯ ಜೊತೆ ಸ್ಥಳ ನೋಡಿ ಬರಲು ಕೋರ್ಟ್ ಕಮಿಷನರನ್ನು ನೇಮಿಸಿ ಎಂಬ ಇನ್ನೊಂದು ಅರ್ಜಿಯನ್ನೂ ದೊಡ್ಡಬಸಪ್ಪನವರು ಹಾಕಿದರು. ವಾದದ ದಿನ ನಾನು ಶೆಡ್ಡಿಗೆ ಬೀಗ ಹಾಕಿ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತೆ. ಬಸವಕುಮಾರ್ ಅವರು ಒಳ್ಳೆಯ ಮಾತುಗಾರರು. "ಮೇಡಂ, ಒಬ್ಬ ಟೈಪಿಸ್ಟಿನ ಬಾಲ್ಯದ ನೆನಪಿನ ಮೇಲೆ ದಾವೆ ನಿಲ್ಲುವುದಿಲ್ಲ. ಸ್ಥಳವೇ ಗುರುತು ಸಿಗದಿದ್ದರೆ ಯಾವುದನ್ನು ಕಾಪಾಡಬೇಕು?" ಎಂದರು. ಮಾತು ಚುಚ್ಚಿತು, ಆದರೆ ತಪ್ಪೆಂದು ಹೇಳಲು ಬರುವಂತಿರಲಿಲ್ಲ. ನ್ಯಾಯಾಧೀಶರು ಮೈಸೂರು ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ನನ್ನ ಅಫಿಡವಿಟ್ಟನ್ನು ಎರಡು ಸಲ ಓದಿದರು. "ಮರ ಹೋದರೆ ಗೋರಿಗಳೂ ಹೋದವಾ? ಅದನ್ನು ಮೊದಲು ನೋಡಿಕೊಂಡು ಬರಲಿ" ಎಂದು ಪ್ರವೀಣ ಎಂಬ ಯುವ ವಕೀಲರನ್ನು ಕಮಿಷನರ್ ಮಾಡಿ ಕಳಿಸಿದರು. ಸ್ಥಳ ತೋರಿಸುವುದು ವಾದಿಯ ಜವಾಬ್ದಾರಿ, ತೋರಿಸಲಾಗದಿದ್ದರೆ ಕಂಪನಿಯ ಅರ್ಜಿಯ ಮೇಲೆ ಆದೇಶ ಎಂದೂ ಹೇಳಿದರು.

ಒಂದು ಗುರುವಾರ ಬೆಳಿಗ್ಗೆ ನಾವೆಲ್ಲ ಗುಡ್ಡ ಹತ್ತಿದೆವು. ಕಮಿಷನರ್ ಪ್ರವೀಣ, ಕೈಯಲ್ಲಿ ಪ್ಯಾಡು ಹಿಡಿದ ಪೂಜಿತಾ, ದೊಡ್ಡಬಸಪ್ಪನವರು, ವಿರುಪಮ್ಮ, ನಾನು. ಕಂಪನಿಯ ಕಡೆಯಿಂದ ಮಾರುತೇಶ್ ಎಂಬ ಆಫೀಸರ್ ಗೇಟು ತೆಗೆಸಿ ಎಲ್ಲರಿಗೂ ಹೆಲ್ಮೆಟ್ ಕೊಟ್ಟರು. ವಿರುಪಮ್ಮ ತನ್ನ ಹೆಲ್ಮೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ವರ್ಷ ಕಲ್ಲು ಹೊತ್ತೀನಿ, ಆಗ ಯಾರೂ ಕೊಡ್ಲಿಲ್ಲ" ಎಂದು ಕಂಕುಳಲ್ಲಿ ಇಟ್ಟುಕೊಂಡಳು.

"ತೋರಿಸ್ರಿ ಅಮ್ಮ, ಎಲ್ಲೈತಿ?" ಎಂದು ಪ್ರವೀಣ ನನ್ನನ್ನು ಕೇಳಿದರು.

ನಾನು ಸುತ್ತ ನೋಡಿದೆ. ನನಗೆ ಪೂರ್ವ ಯಾವುದು ಪಶ್ಚಿಮ ಯಾವುದು ತಿಳಿಯಲಿಲ್ಲ. ಗುಡ್ಡದ ಆಕಾರವೇ ಬೇರೆಯಾಗಿತ್ತು, ಅರ್ಧ ಗುಡ್ಡವೇ ಇರಲಿಲ್ಲ. ಎಲ್ಲೆಲ್ಲೂ ಒಂದೇ ಸಮನೆ ಕೆಂಪು ಧೂಳು. ಕಣ್ಣು ಮುಚ್ಚಿದರೆ ಎಲ್ಲ ಇತ್ತು, ತೆರೆದರೆ ಏನೂ ಇಲ್ಲ. ದೊಡ್ಡಬಸಪ್ಪನವರು ನನ್ನ ಮುಖ ನೋಡಿ ಕಣ್ಣು ಕೆಳಗೆ ಮಾಡಿದರು. ಮುಗಿಯಿತು, ನನ್ನ ಕೈಯಾರೆ ಎಲ್ಲ ಮುಗಿಸಿದೆ ಎಂದುಕೊಂಡೆ.

"ಬರ್ರಿ, ಬರ್ರಿ, ನಿಂತೀರ್ಯಾಕ?" ಎಂದು ವಿರುಪಮ್ಮ ಆಗಲೇ ನಡೆಯಲು ಶುರು ಮಾಡಿದ್ದಳು. ಲಾರಿ ರಸ್ತೆಯಿಂದ ಉತ್ತರಕ್ಕೆ ತಿರುಗಿ, ಬೆಲ್ಟಿನ ಪಕ್ಕದ ಬಯಲಿನಲ್ಲಿ ಸರಸರ ಹೊರಟಳು. ನಾವು ಅವಳ ಹಿಂದೆ ಸಾಲಾಗಿ ನಡೆದೆವು. ನೂರು ಹೆಜ್ಜೆ ಹೋಗಿರಬಹುದು. ಏನೂ ಇಲ್ಲದ ಆ ಬಟಾಬಯಲಿನಲ್ಲಿ ವಿರುಪಮ್ಮ ಫಕ್ಕನೆ ತಲೆ ಬಗ್ಗಿಸಿದಳು. ಬಗ್ಗಿದ ಹಾಗೆಯೇ ನಾಲ್ಕು ಹೆಜ್ಜೆ ಹಾಕಿ ಮತ್ತೆ ನೆಟ್ಟಗಾದಳು.

ಅವಳ ಹಿಂದೆ ಇದ್ದವಳು ನಾನು. ದೇವರಾಣೆ, ನಾನು ಯೋಚಿಸಿ ಮಾಡಲಿಲ್ಲ. ನನ್ನ ತಲೆಯೂ ಬಗ್ಗಿತು.

"ಯಾಕಜ್ಜಿ? ಏನಾತು?" ಎಂದು ಹಿಂದಿನಿಂದ ಪೂಜಿತಾ ಕೇಳಿದಳು.

ವಿರುಪಮ್ಮ ತಿರುಗಿದಳು. "ಕೊಂಬಿ ಬಡೀತೈತಲ್ಲ" ಎಂದಳು. ಹೇಳಿದ ಮೇಲೆ ಮೇಲಕ್ಕೆ ನೋಡಿದಳು. ಮೇಲೆ ಬರೀ ಆಕಾಶ. ಅವಳ ಕೈ ತಾನಾಗಿ ನೆತ್ತಿಯ ಮೇಲೆ ಹೋಯಿತು. ಪ್ರವೀಣ ತಮ್ಮ ವರದಿಯ ಹಾಳೆಯಲ್ಲಿ ಏನೋ ಬರೆಯಹೋಗಿ ನಿಲ್ಲಿಸಿದರು.

ನನಗೆ ಆಗ ಒಮ್ಮೆಗೇ ಇಡೀ ಕ್ಯಾಂಪು ಬಂತು. ಆ ತಗ್ಗು ಕೊಂಬೆ, ಜೋಲಿಗಳು ತೂಗುತ್ತಿದ್ದುದು ಅದಕ್ಕೇ. ಅದಿರಿನ ಪುಟ್ಟಿ ಹೊತ್ತ ಹೆಂಗಸರು ಅದರ ಕೆಳಗೆ ಬಗ್ಗಿಯೇ ಹಾಯಬೇಕು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವಾಗ "ತಲಿ, ತಲಿ!" ಎಂದು ಕೂಗುತ್ತಿದ್ದುದು ಇಲ್ಲೇ. ಇದು ಮರವಾದರೆ ಸುಡುಗಾಡು ಎಡಕ್ಕೆ. ವಿರುಪಮ್ಮ ಹೇಳುವ ಮೊದಲೇ ನಾನು ಎಡಕ್ಕೆ ತಿರುಗಿ ಓಡಿದೆ. ಐವತ್ತಾರರ ಹೆಂಗಸು, ವಕೀಲರ ಮುಂದೆ, ಹೆಲ್ಮೆಟ್ ಹಾಕಿಕೊಂಡು ಓಡಿದೆ.

ನೆಲ ಸಮ ಇದ್ದಂತೆ ಕಂಡರೂ ಕಾಲಿಗೆ ಉಬ್ಬುಗಳು ಸಿಕ್ಕವು. ಕೂತು ಸೆರಗಿನಿಂದ ಧೂಳು ಸರಿಸಿದೆ. ಕಲ್ಲು. ಪ್ರವೀಣ ಅವರೂ ತೋಳು ಮಡಚಿ ಕೂತರು, ಆಮೇಲೆ ಪೂಜಿತಾಳೂ ಪ್ಯಾಡು ಕೆಳಗಿಟ್ಟು ಕೂತಳು. ಒಂದರ ಪಕ್ಕ ಒಂದು, ಹತ್ತೊಂಬತ್ತು ಕಲ್ಲು. ಮಾರೆಪ್ಪನ ಕಲ್ಲು, ಅಂಗೈಯಷ್ಟಿದ್ದ ಮಗುವಿನ ಕಲ್ಲು, ನಡುವೆ ವಿರುಪಮ್ಮನ ಖಾಲಿ ಜಾಗ. ಮೂಲೆಯಲ್ಲಿ ಒಂದರ ಮೇಲೆ ಪಿಕಾಸಿಯ ಚಿತ್ರ ಕೊರೆದಿತ್ತು. ಅದನ್ನು ಕೊರೆದವನು ಮಾರೆಪ್ಪ, ತನ್ನ ಜೋಡಿಗಾರ ಪರಸಪ್ಪನಿಗಾಗಿ. ನಾನು ಆ ಕಲ್ಲು ಹಿಡಿದುಕೊಂಡು ಅತ್ತೆ. ಬಾ ಎನ್ನಲು ಅಪ್ಪನಿಗೆ ಬಾಯಿಲ್ಲ, ಬರಲು ನನಗೆ ಕಾಲಿದ್ದವು, ನಾನು ಬಂದಿರಲಿಲ್ಲ.

ಮಾರುತೇಶ್ ಹೆಲ್ಮೆಟ್ ತೆಗೆದು ನಿಂತಿದ್ದರು. "ಇಲ್ಲಿ ಏನೂ ಇಲ್ಲ ಅಂತ ನಮ್ಗ ಹೇಳಿದ್ರು" ಎಂದರು, ಯಾರಿಗೆಂದಲ್ಲದೆ.

ಕಮಿಷನರ್ ವರದಿ ಬಂತು. ಜನವರಿಯಲ್ಲಿ ಆದೇಶ ಆಯಿತು: ಕಂಪನಿಯ ಅರ್ಜಿ ವಜಾ, ತಿದ್ದುಪಡಿಗೆ ಅನುಮತಿ, ತಡೆಯಾಜ್ಞೆ ಹಾಗೇ ಮುಂದುವರಿಯುತ್ತದೆ. ಕೇಸು ಇನ್ನೂ ಮುಗಿದಿಲ್ಲ, ಈಗ ಶುರುವಾಗಿದೆ ಅಷ್ಟೇ. ಬಸವಕುಮಾರ್ ಅವರ ಆಫೀಸಿನಿಂದ ಒಂದು ತಿಂಗಳು ನನಗೆ ಒಂದು ಹಾಳೆಯೂ ಬರಲಿಲ್ಲ. ಆಮೇಲೆ ಒಂದು ದಿನ ಪೂಜಿತಾ ಬಂದು, "ಹೊಸಪೇಟಿಯವ್ರು ಎರಡು ಸಾಲಿಗೆ ಮೂರು ತಪ್ಪು ಮಾಡ್ತಾರಕ್ಕ, ಸರ್ ನಿಮ್ಮ ಹತ್ರಾನ ಹೋಗು ಅಂದ್ರು" ಎಂದು ನಕ್ಕು ಕಟ್ಟು ಬಿಚ್ಚಿದಳು.

ಆದರೆ ನಾನು ಹೇಳಬೇಕೆಂದಿದ್ದು ಅದಲ್ಲ. ಅನುಮತಿ ಸಿಕ್ಕ ಮೇಲೆ ತಿದ್ದುಪಡಿಯನ್ನು ಮೂಲ ದಾವೆಯಲ್ಲೇ ಮಾಡಬೇಕು. ಕೋರ್ಟಿನ ಆಫೀಸಿನಲ್ಲಿ, ಶಿರಸ್ತೇದಾರರ ಕಣ್ಣೆದುರು, ಹಳೆಯ ಮಾತಿಗೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆದು ಹೊಸದನ್ನು ಬರೆದು ವಕೀಲರು ಪಕ್ಕದಲ್ಲಿ ಸಹಿ ಹಾಕಬೇಕು. ದೊಡ್ಡಬಸಪ್ಪನವರ ಕೈ ನಡುಗುತ್ತದೆ. "ನೀನೇ ಹಾಕಿದ್ದು, ನೀನೇ ತೆಗಿ" ಎಂದು ಪೆನ್ನು ನನಗೆ ಕೊಟ್ಟರು.

ಪಕ್ಕದಲ್ಲಿ ವಿರುಪಮ್ಮ ಕೂತಿದ್ದಳು. "ಹೊಸದು ಏನಂತ ಬರೀತಿ? ಓದು" ಎಂದಳು.

ಓದಿದೆ. "ಪೂರ್ವಕ್ಕ ಕಂಪನಿ ಬೆಲ್ಟು. ಪಶ್ಚಿಮಕ್ಕ ತಂತಿ ಬೇಲಿ. ಉತ್ತರಕ್ಕ ನೀರಿನ ಟ್ಯಾಂಕು. ದಕ್ಷಿಣಕ್ಕ ಲಾರಿ ರಸ್ತೆ."

"ಇದ್ಯಾವ ಊರಲೇ?"

"ನಮ್ಮದೇ ಚಿಗವ್ವ."

"ಬೆಲ್ಟು ನಾಳೆ ಕಿತ್ಕೊಂಡು ಹೋಗ್ತಾರ. ನನ್ನ ಒಯ್ದಾಗ ಜಾಗ ಹೆಂಗ ಹುಡುಕ್ತಾರ?"

"ನಾ ಇರ್ತೀನಿ. ನಾ ಮುಂದ ನಡೀತೀನಿ."

"ಬಗ್ಗಿ ನಡಿ ಮತ್ತ" ಎಂದಳು. ನನಗೆ ನಗು ಬಂತು, ಅವಳಿಗೂ ಬಂತು, ಇಬ್ಬರ ಕಣ್ಣಲ್ಲೂ ನೀರಿತ್ತು. "ಈಗ ಹಳೇದು ಒಂದು ಸಲ ಓದು. ಆಮ್ಯಾಲ ಹೊಡಿ ಗೆರಿ."

ಶಿರಸ್ತೇದಾರರು ಗಡಿಯಾರ ನೋಡಿದರು. ನಾನು ನಿಧಾನವಾಗಿ ಓದಿದೆ. ದೊಡ್ಡ ಹುಣಸೆ ಮರ. ಕ್ಯಾಂಪಿನ ಶಾಲೆ. ಜೋಡಿ ಬಾವಿ. ಲೈನ್ ಮನೆಗಳು. ವಿರುಪಮ್ಮ ಒಂದೊಂದಕ್ಕೂ ಹೂಂ, ಹೂಂ ಎಂದಳು. ಕ್ಯಾಂಪು ಹಾಳಾದ ಮೇಲೆ ಲೋಕದಲ್ಲಿ ಅದು ಇದ್ದ ಹಾಗೇ ಉಳಿದಿದ್ದು ಈ ನಾಲ್ಕು ಸಾಲಿನಲ್ಲಿ ಮಾತ್ರ. ಸುಡುಗಾಡು ಉಳಿಯಬೇಕೆಂದರೆ ಇದನ್ನು ನಾನೇ ಅಳಿಸಬೇಕು.

ಸ್ಕೇಲು ಇಟ್ಟೆ. ಪೆನ್ನು ಊರುವಾಗ ವಿರುಪಮ್ಮ ನನ್ನ ಮೊಣಕೈ ಹಿಡಿದಳು.

"ಮೆತ್ತಗ ಹೊಡಿಯಲೇ ಹುಲಿಗಿ. ಕೆಳಗ ಇದ್ದದ್ದು ಓದಾಕ ಬರ್ಬೇಕು."

ಅವಳಿಗೆ ಓದಲು ಬರುವುದಿಲ್ಲ. ನಾನು ಕೈ ಹಗುರ ಮಾಡಿ, ಒಂದೊಂದು ಸಾಲಿಗೆ ಒಂದೇ ಗೆರೆ ಎಳೆದೆ.